ತುಮಕೂರಿಗೆ ಇಂಟರ್‌ಮೀಡಿಯಟ್ ಕಾಲೇಜು ಬಂದ ಕಾಲ

ಬೆಳ್ಳಿ ಹಬ್ಬದ ಈ ಸಂಚಿಕೆಯಲ್ಲಿ ಷೇರು, ಠೇವಣಿ, ಸಾಲ ವಸೂಲಿಯ ವಿಚಾರಗಳನ್ನು ಬೇರೆಯವರು ಬರೆದಿದ್ದಾರೆ. ನಾವು ತುಮಕೂರಿನ ಸರ್ಕಾರಿ ಕಾಲೇಜಿನ ವಿಷಯ ಬರೆಯಲು ಒಪ್ಪಿಕೊಂಡೆವು. ಸೊಸೈಟಿ ಪುಸ್ತಕದಲ್ಲಿ ಕಾಲೇಜಿನ ಕಥೆ ಯಾಕಪ್ಪ ಅಂತ ಕೆಲವರು ಕೇಳಬಹುದು. ಲೆಕ್ಕ ಬರೆಯುವವರು, ಬೈಲಾ ಓದಿ ಹೇಳುವವರು ಇಲ್ಲದೆ ಯಾವ ಸಂಘವೂ ನಡೆಯೋದಿಲ್ಲ. ಓದಿದವರು ಆಕಾಶದಿಂದ ಉದುರಲಿಲ್ಲ.

ಮೈಸೂರು ವಿಶ್ವವಿದ್ಯಾನಿಲಯ ಆರಂಭವಾದದ್ದು 1916ರಲ್ಲಿ. ಕಾಲೇಜು ಓದಬೇಕಾದರೆ ಆಗ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕಿತ್ತು. ತುಮಕೂರಿನಲ್ಲಿ ಹೈಸ್ಕೂಲು ಮುಗಿದರೆ ಅಲ್ಲಿಗೆ ದಾರಿ ಮುಗಿಯಿತು. ಸಿದ್ಧಗಂಗೆಯ ಪೂಜ್ಯ ಶ್ರೀ ಶಿವಕುಮಾರ ಸ್ವಾಮಿಗಳು ಕೂಡ 1926ರಲ್ಲಿ ಮೆಟ್ರಿಕ್ ಪಾಸು ಮಾಡಿ, ಮುಂದಕ್ಕೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೇ ಸೇರಬೇಕಾಯಿತು. ಊಟ, ರೂಮಿನ ಖರ್ಚು ಹೊರಲಾರದವರು ನೇಗಿಲು ಹಿಡಿದರು, ಇಲ್ಲವೇ ಕಛೇರಿಯಲ್ಲಿ ಗುಮಾಸ್ತರಾದರು.

1940ರ ದಶಕದಲ್ಲಿ ತುಮಕೂರಿಗೆ ಸರ್ಕಾರಿ ಇಂಟರ್‌ಮೀಡಿಯಟ್ ಕಾಲೇಜು ಬಂತು. ಇಂಟರ್‌ಮೀಡಿಯಟ್ ಅಂದರೆ ಹೈಸ್ಕೂಲಿಗೂ ಡಿಗ್ರಿಗೂ ನಡುವೆ ಎರಡು ವರ್ಷದ ಓದು. ಎರಡೇ ವರ್ಷ ತಾನೇ ಅನ್ನಬಾರದು, ಹಳ್ಳಿ ಹುಡುಗರು ನಿಲ್ಲುತ್ತಿದ್ದದ್ದೇ ಆ ಜಾಗದಲ್ಲಿ. ಗುಬ್ಬಿಯವರಿಗೆ ತುಮಕೂರು 20 ಕಿಲೋಮೀಟರ್ ಆಸುಪಾಸು, ರೈಲೂ ಇತ್ತು. ಕುಣಿಗಲ್ ಸೀಮೆಯವರಿಗೆ ಆ ಅನುಕೂಲವಿರಲಿಲ್ಲ. ಅವರಿಗೆ ರೈಲು ಬಂದದ್ದು 2017ರಲ್ಲಿ, ಅದೂ ಬೆಂಗಳೂರು-ಹಾಸನದ ಕಡೆಗೇ ಹೊರತು ತುಮಕೂರಿಗಲ್ಲ! ದೂರದೂರಿನ ಬಡ ಹುಡುಗರಿಗೆ ಮಠದ ಅನ್ನ, ವಸತಿ ಆಸರೆಯಾಯಿತು. ನಮ್ಮ ಪ್ರಕಾರ ಕಾಲೇಜಿನ ಚರಿತ್ರೆ ಬರೆಯುವವರು ಪ್ರಿನ್ಸಿಪಾಲರ ಹೆಸರಿನ ಜೊತೆಗೆ ಹಾಸ್ಟೆಲಿನ ಅಡಿಗೆ ಒಲೆಯನ್ನೂ ಬರೆಯಬೇಕು.

ರಾಷ್ಟ್ರಕವಿ ಜಿ.ಎಸ್. ಶಿವರುದ್ರಪ್ಪನವರ ಉದಾಹರಣೆ ನೋಡಿ. ಹೈಸ್ಕೂಲು ಮುಗಿಸಿದ ಮೇಲೆ ಮನೆಯ ಕಷ್ಟದಿಂದ ಓದು ನಿಂತಿತು. ಗುಬ್ಬಿ ತಾಲ್ಲೂಕು ಕಛೇರಿಯಲ್ಲಿ ಗುಮಾಸ್ತರಾದರು. ಆ ನೌಕರಿ ಬಿಟ್ಟು ತುಮಕೂರಿನ ಈ ಕಾಲೇಜಿಗೆ ಸೇರಿ ಇಂಟರ್‌ಮೀಡಿಯಟ್ ಮಾಡಿದರು. ಅಲ್ಲಿಂದ ಮೈಸೂರಿಗೆ ಹೋಗಿ 1949ರಲ್ಲಿ ಬಿ.ಎ. ಆನರ್ಸ್ ಮುಗಿಸಿದರು. ಸರ್ಕಾರಿ ಸಂಬಳ ಬಿಡುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಕಾಲೇಜು ಪಕ್ಕದ ತುಮಕೂರಿನಲ್ಲಿ ಇರದೆ ಬೆಂಗಳೂರಿನಲ್ಲೇ ಇದ್ದಿದ್ದರೆ ಅವರು ರಾಜೀನಾಮೆ ಕೊಡುತ್ತಿದ್ದರೋ ಇಲ್ಲವೋ, ಹೇಳೋರು ಯಾರು?

ಪಾಠವೆಲ್ಲ ಇಂಗ್ಲಿಷಿನಲ್ಲಿ. ಕನ್ನಡದಲ್ಲೇ ಓದಿ ಹೋದ ಹುಡುಗರಿಗೆ ಮೊದಲ ವರ್ಷ ಕಬ್ಬಿಣದ ಕಡಲೆ.

ಆಮೇಲಿನದು ಬಹಳ ಜನಕ್ಕೆ ಗೊತ್ತು. 1950ರ ದಶಕದ ಕೊನೆಗೆ ಇಂಟರ್‌ಮೀಡಿಯಟ್ ಹೋಗಿ ಪಿ.ಯು.ಸಿ. ಬಂತು, ಕಾಲೇಜು ಡಿಗ್ರಿಯ ಮಟ್ಟಕ್ಕೇರಿತು, ಕಲಾ ಕಾಲೇಜು, ವಿಜ್ಞಾನ ಕಾಲೇಜು ಅಂತ ಎರಡಾಯಿತು. 2004ರಲ್ಲಿ ತುಮಕೂರು ವಿಶ್ವವಿದ್ಯಾನಿಲಯವಾದಾಗ ಎರಡೂ ಅದಕ್ಕೆ ಸೇರಿದವು. ಈಗ ಗುಬ್ಬಿಯಲ್ಲೂ ಕುಣಿಗಲ್‌ನಲ್ಲೂ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ, ನಮ್ಮ ಹೆಣ್ಣುಮಕ್ಕಳು ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಮನೆಗೆ ಬರುತ್ತಾರೆ.

ಮೊದಲ ವರ್ಷಗಳಲ್ಲಿ ಅಲ್ಲಿ ಓದಿದವರು ಈಗ ಬೆರಳೆಣಿಕೆಯಷ್ಟು. ಅಂಥ ಹಿರಿಯರು ಯಾರ ಮನೆಯಲ್ಲಾದರೂ ಇದ್ದರೆ ಅವರ ಮಾತು ಕೇಳಿ ಬರೆದಿಡಿ. ಟ್ರಂಕಿನಲ್ಲಿ ಹಳೇ ಗ್ರೂಪ್ ಫೋಟೋ, ಅಂಕಪಟ್ಟಿ, ಫೀಸಿನ ರಸೀದಿ ಸಿಕ್ಕರೆ ಸಂಘದ ಕಛೇರಿಗೆ ತಂದುಕೊಡಿ. ಬೀರುವಿನಲ್ಲಿ ಒಂದು ಅರೆ ಖಾಲಿ ಮಾಡಿಸಿದ್ದೇವೆ.