ಮನೆಯ ನಡೆ, ಹೊರಗಿನ ನುಡಿ: ಅಮೆರಿಕೆಯ ವರ್ಣಭೇದ ಮತ್ತು ಭಾರತದ ಜನಾಭಿಪ್ರಾಯ

ಒಂದು ಸರಕಾರ ಇನ್ನೊಂದು ಸರಕಾರದೊಡನೆ ನಡೆಸುವ ವ್ಯವಹಾರವನ್ನು ರಾಜತಾಂತ್ರಿಕತೆ ಎನ್ನುತ್ತೇವೆ. ಆದರೆ ಸರಕಾರವು ಪರದೇಶದ ಜನರನ್ನೇ ಉದ್ದೇಶಿಸಿ ಮಾತನಾಡತೊಡಗಿದಾಗ, ಆ ಮಾತನ್ನು ಅವರು ಏಕೆ ನಂಬಬೇಕು ಎಂಬ ಪ್ರಶ್ನೆ ಏಳುತ್ತದೆ. ಈ ಕಾರ್ಯಕ್ಕೆ 'ಪಬ್ಲಿಕ್ ಡಿಪ್ಲೊಮಸಿ' ಎಂಬ ಹೆಸರನ್ನು ಇಂದಿನ ಅರ್ಥದಲ್ಲಿ ಎಡ್ಮಂಡ್ ಗಲಿಯನ್ ಬಳಕೆಗೆ ತಂದದ್ದು 1965ರಲ್ಲಿ; ಕಾರ್ಯವಾದರೋ ಅದಕ್ಕೂ ಮೊದಲೇ ಬೆಳೆದಿತ್ತು. ಎರಡನೆಯ ಮಹಾಯುದ್ಧದ ನಂತರ ಭಾರತೀಯರ ವಿಶ್ವಾಸ ಗಳಿಸಲು ಅಮೆರಿಕೆ ಮಾಡಿದ ಯತ್ನವನ್ನು, ವರ್ಣಭೇದದ ಪ್ರಶ್ನೆಯೊಂದನ್ನೇ ಹಿಡಿದು, ಇಲ್ಲಿ ಪರಿಶೀಲಿಸುತ್ತೇವೆ.

ಪ್ರಚಾರ ಆರಂಭವಾಗುವ ಮೊದಲೇ ಭಾರತೀಯರಿಗೆ ಈ ವಿಷಯದ ಪ್ರತ್ಯಕ್ಷ ಅನುಭವವಿತ್ತು. ಮಂಗಳೂರಿನಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರು 1941ರಲ್ಲಿ ಅಮೆರಿಕೆಯ ದಕ್ಷಿಣ ಭಾಗದಲ್ಲಿ ರೈಲು ಪ್ರಯಾಣ ಮಾಡುತ್ತಿದ್ದಾಗ, ಬಿಳಿಯರಿಗೆ ಮೀಸಲಾದ ಡಬ್ಬಿಯಿಂದ ಏಳುವಂತೆ ಟಿಕೆಟ್ ತಪಾಸಣೆಯವನು ಹೇಳಿದನು. ಯಾವ ದೇಶದವರೆಂದು ಅವನು ವಿಚಾರಿಸಿದಾಗ, ವಿದೇಶೀಯಳೆಂಬ ವಿನಾಯಿತಿಯನ್ನು ಅವರು ಬೇಡಲಿಲ್ಲ. ತಾವು ಬಣ್ಣದ ಹೆಂಗಸೇ ಎಂದು ತಿಳಿಸಿ, ಏಳಲು ನಿರಾಕರಿಸಿದರು.

ಸ್ವತಂತ್ರ ಭಾರತದಲ್ಲಿ ಇಂತಹ ಅನುಭವಗಳಿಗೆ ರಾಜಕೀಯದ ತೂಕ ಬಂದಿತು. ಅಮೆರಿಕೆಯ ಜನಾಂಗೀಯ ಹಿಂಸೆಯನ್ನು ಸೋವಿಯತ್ ಪ್ರಚಾರವು ಎಡೆಬಿಡದೆ ಎತ್ತಿ ತೋರಿಸುತ್ತಿತ್ತು. 1951ರಿಂದ 1953ರವರೆಗೆ ದೆಹಲಿಯಲ್ಲಿ ರಾಯಭಾರಿಯಾಗಿದ್ದ ಚೆಸ್ಟರ್ ಬೌಲ್ಸ್ ಈ ಪ್ರಶ್ನೆಯ ಗಾಂಭೀರ್ಯವನ್ನು ಸ್ವದೇಶಕ್ಕೆ ಮನಗಾಣಿಸಲು ಯತ್ನಿಸಿದರು. ಆ ದಶಕದ ಆರಂಭದಲ್ಲಿ 'ದಿ ನೀಗ್ರೋ ಇನ್ ಅಮೆರಿಕನ್ ಲೈಫ್' ಎಂಬ ಕಿರುಹೊತ್ತಗೆಯನ್ನು ಅಮೆರಿಕೆಯ ಸರಕಾರ ವಿದೇಶಗಳ ಓದುಗರಿಗಾಗಿ ಹೊರತಂದಿತು. ಅದು ಗುಲಾಮಗಿರಿಯ ಇತಿಹಾಸವನ್ನು ಮರೆಮಾಚಲಿಲ್ಲ. ಪ್ರಜಾಪ್ರಭುತ್ವದಲ್ಲಿ ಆ ಅನ್ಯಾಯ ಕ್ರಮೇಣ ಕರಗುತ್ತಿದೆ ಎಂದು ನಿರೂಪಿಸಿತು. ತಪ್ಪೊಪ್ಪಿಗೆಯನ್ನೇ ವಿಶ್ವಾಸದ ಬಂಡವಾಳವಾಗಿಸುವ ಜಾಣ್ಮೆ ಇದರಲ್ಲಿದೆ. ಆದರೆ 'ಕರಗುತ್ತಿದೆ' ಎಂಬ ಮಾತಿಗೆ ಕೃತಿಯ ಆಧಾರ ಬೇಕಾಗಿತ್ತು.

ಆ ಆಧಾರ ನ್ಯಾಯಾಲಯದಿಂದ ಒದಗಿತು. ಶಾಲೆಗಳಲ್ಲಿನ ವರ್ಣಭೇದದ ಮೊಕದ್ದಮೆಯಲ್ಲಿ ಅಮೆರಿಕೆಯ ಕೇಂದ್ರ ಸರಕಾರ 1952ರ ಡಿಸೆಂಬರಿನಲ್ಲಿ ಸಲ್ಲಿಸಿದ ಲಿಖಿತ ವಾದವು, ಈ ಪದ್ಧತಿ ವಿದೇಶಾಂಗ ನೀತಿಗೆ ಹಾನಿ ತರುತ್ತಿದೆ ಎಂಬ ಡೀನ್ ಅಚೆಸನ್ನರ ಅಭಿಪ್ರಾಯವನ್ನು ಉದ್ಧರಿಸಿತ್ತು. 1954ರ ಮೇ 17ರಂದು ಸರ್ವೋಚ್ಚ ನ್ಯಾಯಾಲಯ ಈ ಪದ್ಧತಿಯನ್ನು ಸಂವಿಧಾನಬಾಹಿರವೆಂದು ಸಾರಿದಾಗ, 'ವಾಯ್ಸ್ ಆಫ್ ಅಮೆರಿಕ' ಗಂಟೆಯೊಳಗೆ ಆ ವಾರ್ತೆಯನ್ನು ಬಿತ್ತರಿಸತೊಡಗಿತು; 34 ಭಾಷೆಗಳಲ್ಲಿ ಅದು ಲೋಕಕ್ಕೆ ತಲುಪಿತು.

ತೀರ್ಪು ಹೊರಬಿದ್ದರೂ ನಡವಳಿಕೆ ಬದಲಾಗಲಿಲ್ಲ. 1955ರ ಆಗಸ್ಟಿನಲ್ಲಿ ಭಾರತದ ರಾಯಭಾರಿ ಜಿ. ಎಲ್. ಮೆಹತಾ ಅವರನ್ನು ಹ್ಯೂಸ್ಟನ್ ವಿಮಾನ ನಿಲ್ದಾಣದ ಭೋಜನಶಾಲೆಯಲ್ಲಿ ಬೇರೆ ಕೋಣೆಗೆ ಹೋಗಲು ಹೇಳಲಾಯಿತು. ಅಮೆರಿಕೆಯ ವಿದೇಶಾಂಗ ಖಾತೆ ವಿಷಾದ ಸೂಚಿಸಿತು. 1957ರ ಸೆಪ್ಟೆಂಬರಿನಲ್ಲಿ ಲಿಟಲ್ ರಾಕ್ ಪಟ್ಟಣದ ಶಾಲೆಗೆ 9 ಮಂದಿ ಕಪ್ಪು ವಿದ್ಯಾರ್ಥಿಗಳ ಪ್ರವೇಶವನ್ನು ರಾಜ್ಯಪಾಲರು ಸೈನಿಕರನ್ನಿಟ್ಟು ತಡೆದರು. ಕೊನೆಗೆ ಕೇಂದ್ರದ ಸೇನೆಯನ್ನು ಕಳುಹಿಸಿದ ಅಧ್ಯಕ್ಷ ಐಸೆನ್‌ಹೋವರ್, ದೇಶದ ಕೀರ್ತಿಗೆ ಹೊರಗೆ ಆಗುತ್ತಿದ್ದ ಹಾನಿಯನ್ನು ತಮ್ಮ ಭಾಷಣದಲ್ಲಿಯೇ ಪ್ರಸ್ತಾಪಿಸಿದರು. ಅದೇ ತಿಂಗಳು, ಸೋವಿಯತ್ ಒಕ್ಕೂಟಕ್ಕೆ ಸರಕಾರದ ಪರವಾಗಿ ಹೋಗಬೇಕಿದ್ದ ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗ್ ಪ್ರವಾಸವನ್ನು ಕೈಬಿಟ್ಟಿದ್ದರು. ದೇಶದ ಹೆಮ್ಮೆಯಾಗಿ ಕಳುಹಿಸಬೇಕಾದವನೇ ಹೋಗಲೊಲ್ಲೆನೆಂದಾಗ ಯಾವ ಕಿರುಹೊತ್ತಗೆ ಅವನ ಸ್ಥಾನ ತುಂಬೀತು?

1961ರಲ್ಲಿ ಅಮೆರಿಕೆಯ ವಾರ್ತಾಸಂಸ್ಥೆಯ ನಿರ್ದೇಶಕರಾದ ಎಡ್ವರ್ಡ್ ಮರೋ, ಸತ್ಯಸಂಧತೆಯಿಲ್ಲದೆ ನಂಬಿಕೆಯಿಲ್ಲ, ನಂಬಿಕೆಯಿಲ್ಲದೆ ಮನವೊಲಿಕೆಯಿಲ್ಲ ಎಂಬ ನಿಲುವನ್ನು ತಳೆದರು. 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ನಡೆದ ಹಕ್ಕೊತ್ತಾಯದ ನಡಿಗೆಯನ್ನು ಸಂಸ್ಥೆ 'ದಿ ಮಾರ್ಚ್' ಎಂಬ ಚಿತ್ರವಾಗಿಸಿ ವಿದೇಶಗಳಿಗೆ ಕಳುಹಿಸಿತು. ಚಿತ್ರವನ್ನು ದೇಶದೊಳಗೆ ಪ್ರದರ್ಶಿಸಲು ಆಗಿನ ಕಾನೂನು ಅವಕಾಶ ಕೊಡಲಿಲ್ಲ. ಸರಕಾರವನ್ನು ಪ್ರಶ್ನಿಸಿದ ಜನರೇ ಹೀಗೆ ಆ ಸರಕಾರದ ವಿಶ್ವಾಸಾರ್ಹತೆಗೆ ಸಾಕ್ಷಿಗಳಾದರು. ಈ ಇತಿಹಾಸದ ವ್ಯಂಗ್ಯವೂ ಸಾರವೂ ಇದೇ ಎಂದು ನಾವು ಭಾವಿಸುತ್ತೇವೆ. 1964ರ ನಾಗರಿಕ ಹಕ್ಕುಗಳ ಕಾಯಿದೆ ಆ ನಡಿಗೆಯ ಬೇಡಿಕೆಗೆ ಶಾಸನದ ರೂಪ ಕೊಟ್ಟಿತು.

ಇದನ್ನು ಕೇವಲ ಅಮೆರಿಕೆಯ ಕಥೆಯೆಂದು ಓದುವುದು ಸಲ್ಲದು. 2001ರಲ್ಲಿ ಡರ್ಬನ್ನಿನ ವಿಶ್ವಸಂಸ್ಥೆಯ ಸಮ್ಮೇಳನದಲ್ಲಿ, ಜಾತಿಯು ಜನಾಂಗವಲ್ಲವೆಂದು ವಾದಿಸಿದ ಭಾರತ ಸರಕಾರ ಜಾತಿಯ ಪ್ರಶ್ನೆಯನ್ನು ಚರ್ಚೆಯಿಂದ ಹೊರಗಿಡಲು ಯತ್ನಿಸಿತು. ಭಾರತದ ದಲಿತ ಪ್ರತಿನಿಧಿಗಳು ಅದೇ ಊರಿನಲ್ಲಿ ಲೋಕದ ಮುಂದೆ ಆ ಪ್ರಶ್ನೆಯನ್ನಿಟ್ಟರು. ಅಮೆರಿಕೆಯ ಮುಂದೆ ಒಮ್ಮೆ ಭಾರತೀಯರು ಹಿಡಿದ ಕನ್ನಡಿ ಈಗ ನಮ್ಮ ಕಡೆಗೆ ತಿರುಗಿದೆ. ಪರರಾಷ್ಟ್ರದ ಜನ ಒಂದು ಸರಕಾರದ ನುಡಿಯನ್ನು ಅಳೆಯುವುದು, ಅದು ತನ್ನ ಮನೆಯಲ್ಲಿ ತೀರ ದುರ್ಬಲನನ್ನು ನಡೆಸಿಕೊಳ್ಳುವ ಬಗೆಯಿಂದ.