ಯಾವ ಕಾಲದ ಗೂಡ್ಸ್ ಗಾಡಿ?

ಹಳೆಯ ಶಿಷ್ಯನೊಬ್ಬ ಶ್ರೀನಿವಾಸಪುರ ನಿಲ್ದಾಣದ ಪುಟ್ಟ ಮಾದರಿಯನ್ನು ಮನೆಯಲ್ಲಿ ಕಟ್ಟಿದ್ದಾನೆ. ತೋರಿಸಬೇಕಾದದ್ದು ೧೯೫೦ರ ದಶಕವಂತೆ. ನಿಲ್ಲಿಸಿರುವುದು ಮಾತ್ರ ಕಲ್ಲಿದ್ದಲು, ಅದಿರು ಹೊರುವ ಬಾಕ್ಸ್‌ಎನ್ ವ್ಯಾಗನ್ನುಗಳನ್ನು! ಅವು ಬಂದದ್ದು ೧೯೮೦ರ ದಶಕದಲ್ಲಿ, ಅದೂ ಬ್ರಾಡ್‌ಗೇಜಿಗೆ. "ಯಾರಿಗೆ ತಿಳಿಯುತ್ತದೆ, ಮೇಷ್ಟ್ರೇ?" ಎಂದ. ನಾನು ಬಿಡಲಿಲ್ಲ.

ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ೧೯೧೩ರಲ್ಲಿ ಕೋಲಾರಕ್ಕೆ ಬಂದದ್ದು ಎರಡೂವರೆ ಅಡಿಯ ನ್ಯಾರೋಗೇಜ್. ಅದೇ ಮುಂದೆ ಶ್ರೀನಿವಾಸಪುರ, ಚಿಂತಾಮಣಿಗಳ ಮೂಲಕ ಚಿಕ್ಕಬಳ್ಳಾಪುರವನ್ನು ಮುಟ್ಟಿತು. ಮದರಾಸಿನ ಹಳಿಯಾದರೋ ಐದೂವರೆ ಅಡಿ. ಒಂದರ ವ್ಯಾಗನ್ನು ಇನ್ನೊಂದರ ಮೇಲೆ ಉರುಳದು. ಮದರಾಸಿಗೆ ಹೋಗಬೇಕಾದ ಮೂಟೆಯನ್ನು ಬಂಗಾರಪೇಟೆಯಲ್ಲಿ ಇಳಿಸಿ, ಹಮಾಲರು ಹೆಗಲ ಮೇಲೆ ಹೊತ್ತು ದೊಡ್ಡ ಗಾಡಿಗೆ ತುಂಬಬೇಕಿತ್ತು. ತಪ್ಪು ವ್ಯಾಗನ್ನನ್ನು ನಿಲ್ಲಿಸಿದೊಡನೆ ಆ ಹೆಗಲುಗಳೇ ಮರೆಯಾಗುತ್ತವೆ. ನನ್ನ ತಕರಾರು ಅದೇ.

ಮಾಲೂರನ್ನೂ ಸೇರಿಸುವುದಾದರೆ ಅದು ೧೮೬೪ರ ಬ್ರಾಡ್‌ಗೇಜ್; ನಾಲ್ಕು ಗಾಲಿಯ ಮುಚ್ಚಿದ ವ್ಯಾಗನ್ನುಗಳು ಅಲ್ಲಿಗೆ ಸರಿ. ಚಿನ್ನದ ಗಣಿಯತ್ತ ಹೋಗುವ ಮಾರಿಕುಪ್ಪಂ ಕವಲು ೧೮೯೪ರದು. ಅಲ್ಲಿ ಕಲ್ಲಿದ್ದಲಿನ ಗಾಡಿಗಳು ಸಾಲಾಗಿ ನಿಲ್ಲಬೇಕೆಂದರೆ, ಶಿವನಸಮುದ್ರದ ವಿದ್ಯುತ್ತು ಗಣಿಗೆ ಬಂದ ೧೯೦೨ಕ್ಕಿಂತ ಹಿಂದಕ್ಕೆ ಹೋಗಬೇಕು. ಮುಳಬಾಗಿಲಿಗೆ ರೈಲೇ ಇಲ್ಲ. ಎತ್ತಿನ ಗಾಡಿ ಸಾಕು.

ಕೋಲಾರ–ಚಿಕ್ಕಬಳ್ಳಾಪುರ ಮಾರ್ಗ ೨೦೧೩ರಲ್ಲಿ ಬ್ರಾಡ್‌ಗೇಜಾಯಿತು. "ಅದರ ಈಚಿನ ಕಾಲವಾದರೆ ನಿನ್ನ ವ್ಯಾಗನ್ನಿಗೆ ಹಳಿಯಾದರೂ ಹೊಂದೀತು" ಎಂದೆ. ಅವನು ಮರುಮಾತಾಡದೆ ಬಾಕ್ಸ್‌ಎನ್‌ಗಳನ್ನು ಪೆಟ್ಟಿಗೆಗೆ ಸೇರಿಸಿ, ಸಣ್ಣ ವ್ಯಾಗನ್ನುಗಳಿಗಾಗಿ ರಟ್ಟು ಕತ್ತರಿಸತೊಡಗಿದ್ದಾನೆ.