ಐಗಳ ಮಠದಿಂದ ಮಕ್ಕಳ ಪಂಚಾಯತಿಗೆ

ಸರಕಾರಿ ಶಾಲೆಗಳು ಬರುವ ಮೊದಲು ಕುಂದಾಪುರ ಸೀಮೆಯಲ್ಲಿ ಅಕ್ಷರ ಕಲಿಸುತ್ತಿದ್ದದ್ದು ಐಗಳ, ಅಂದರೆ ಊರ ಮೇಷ್ಟ್ರ, ಮಠ. ಮನೆಯ ಜಗಲಿಯಲ್ಲೋ ದೇವಸ್ಥಾನದ ಪೌಳಿಯಲ್ಲೋ ನಡೆಯುತ್ತಿದ್ದ ಈ ಮಠಗಳ ಬಗ್ಗೆ ಸರಕಾರಿ ಕಡತಗಳು ಹೆಚ್ಚು ಹೇಳುವುದಿಲ್ಲ. 1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಎಲ್ಲ ಜಿಲ್ಲೆಗಳಿಂದ ಶಾಲೆಗಳ ಪಟ್ಟಿ ಕೇಳಿದಾಗ, ಇಲ್ಲಿ ಕಲಿಕೆ ಬಹುಮಟ್ಟಿಗೆ ಖಾಸಗಿಯಾಗಿಯೇ ನಡೆಯುತ್ತದೆ ಎಂದು ಬರೆದು, ಕುಂದಾಪುರವೂ ಸೇರಿದ್ದ ಕೆನರಾ ಜಿಲ್ಲೆಯ ಕಲೆಕ್ಟರ್ ಕೈತೊಳೆದುಕೊಂಡರು.

ಮಠದೊಳಗಿನ ದಿನಚರಿ ತಿಳಿಯಬೇಕಾದರೆ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರಲ್ಲಿ ಕಳುಹಿಸಿದ ವರದಿಯೇ ಗತಿ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆ ತಡವಾದಷ್ಟೂ ಏಟು ಏರುತ್ತಿತ್ತು. ಸೋಮಾರಿಯನ್ನು ಕೈಕಟ್ಟಿ ಮಾಡಿಗೆ ನೇತುಹಾಕುವುದೂ ಇತ್ತು, ಎಡೆಬಿಡದೆ ಕೂತೇಳಿಸುವುದೂ ಇತ್ತು. ಕನ್ನಡನಾಡಿನ ಹಿರಿಯರು ಕೋದಂಡ, ಬಸ್ಕಿ ಎಂದು ನೆನೆಯುವ ಶಿಕ್ಷೆಗಳು ಇವೇ.

ಮುಂದುವರಿದ ಹುಡುಗರಿಂದ ಕಿರಿಯರಿಗೆ ಪಾಠ ಹೇಳಿಸುವ ಪದ್ಧತಿ ಕ್ಯಾಂಬೆಲ್‌ಗೆ ಬಹಳ ಮೆಚ್ಚಿಗೆಯಾಗಿತ್ತು. ಇಂಥದ್ದನ್ನೇ ಆಂಡ್ರ್ಯೂ ಬೆಲ್ 1790ರ ದಶಕದಲ್ಲಿ ಮದ್ರಾಸಿನ ಅನಾಥಾಲಯದಲ್ಲಿ ನಡೆಸಿ, ಇಂಗ್ಲೆಂಡಿಗೆ ಕೊಂಡೊಯ್ದಿದ್ದ. ಖರ್ಚು ಕಡಿಮೆ, ಕಲಿಕೆ ಹೆಚ್ಚು ಎಂಬುದು ನಿಜ. ಆದರೆ ಪಾಠ ಒಪ್ಪಿಸಿಕೊಳ್ಳುವ ಹುಡುಗನಿಗೆ ದಂಡಿಸುವ ಅಧಿಕಾರವೂ ಸಲೀಸಾಗಿ ಬರುತ್ತದೆ. ಮೇಷ್ಟ್ರು ಹೊರಗೆ ಹೋದಾಗ ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವ ಕ್ಲಾಸ್ ಲೀಡರ್ ಈ ಹಿರಿಯ ಹುಡುಗನ ವಂಶದವನೇ. ಬಲವಿದ್ದವನು ಇಲ್ಲದವನನ್ನು ಕಾಡುವುದಕ್ಕೆ ಶಾಲೆ ತಾನೇ ಒಪ್ಪಿಗೆ ಕೊಟ್ಟಂತಾಗಿತ್ತು.

ಶಾಲೆಯ ಅಂಗಳದ ಗೇಲಿಗೂ ಊರಿನ ಮೇಲುಕೀಳಿಗೂ ನಡುವೆ ಗೋಡೆಯೇನೂ ಇರಲಿಲ್ಲ. ಕೆಳಜಾತಿಯವರೆನಿಸಿಕೊಂಡವರ ಮಕ್ಕಳಿಗೆ ಮೊದಲು ಜಗಲಿ ಹತ್ತುವುದೇ ದೊಡ್ಡ ಮಾತಾಗಿತ್ತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆ ಶಾಲೆ ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದಾಗ ಸ್ವಂತ ಜಾತಿಯವರಿಂದಲೇ ಬಹಿಷ್ಕಾರ ಉಣ್ಣಬೇಕಾಯಿತು. ಕರಾವಳಿಯ ಕೊರಗರಿಗೆ ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕಕ್ಕೆ 2000ದಲ್ಲಿ ಪ್ರತ್ಯೇಕ ಕಾಯ್ದೆ ಬೇಕಾಯಿತು. ಅಂಥ ಊರಿನಲ್ಲಿ ಆ ಸಮುದಾಯದ ಮಗುವಿಗೆ ತರಗತಿಯಲ್ಲಿ ಅಡ್ಡಹೆಸರು ಬಿದ್ದರೆ ಅದನ್ನು ಹುಡುಗಾಟವೆಂದು ತಳ್ಳಿಹಾಕಲಾಗದು.

ಬೆತ್ತವಿಲ್ಲದ ಕಲಿಕೆಯ ಕನಸು ಕಂಡವರಲ್ಲಿ ಈ ನೆಲದವರೇ ಒಬ್ಬರಿದ್ದರು. 1902ರಲ್ಲಿ ಕೋಟದಲ್ಲಿ ಹುಟ್ಟಿ, ಕುಂದಾಪುರದಲ್ಲಿ ಹೈಸ್ಕೂಲು ಓದಿದ ಶಿವರಾಮ ಕಾರಂತರು 1930ರ ದಶಕದಲ್ಲಿ ಪುತ್ತೂರಿನ ಬಾಲವನದಲ್ಲಿ ಆಟ, ನಾಟಕ, ಕುಣಿತಗಳ ಮೂಲಕ ಮಕ್ಕಳಿಗೆ ಕಲಿಸಲು ಹೊರಟರು. ಅವರ ಮಕ್ಕಳ ವಿಶ್ವಕೋಶ ‘ಬಾಲ ಪ್ರಪಂಚ’ ಬಂದದ್ದು ಆ ಕಾಲದಲ್ಲೇ. ಪ್ರಯೋಗ ಬಾಲವನವನ್ನು ದಾಟಿ ಸರಕಾರಿ ಶಾಲೆಗಳಿಗೆ ಇಳಿಯಲಿಲ್ಲ.

ಕುಂದಾಪುರ ತಾಲ್ಲೂಕಿನಲ್ಲಿ ನಿಜವಾದ ತಿರುವು ಬಂದದ್ದು ಶಾಲೆಯ ಹೊರಗಿನಿಂದ. ಇಲ್ಲಿನ ಹಳ್ಳಿಗಳ ಹುಡುಗರು ಓದು ಬಿಟ್ಟು ಬೆಂಗಳೂರಿನ ಹೋಟೆಲುಗಳಿಗೆ ಲೋಟ ತೊಳೆಯಲು ಹೋಗುತ್ತಿದ್ದರು. ಬೆಂಗಳೂರಿನಲ್ಲಿ ದುಡಿಯುವ ಮಕ್ಕಳ ನಡುವೆ ಕೆಲಸ ಮಾಡುತ್ತಿದ್ದ ಸಿಡಬ್ಲ್ಯುಸಿ (ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್) ಸಂಸ್ಥೆ ಆ ಹುಡುಗರ ಬೇರು ಹುಡುಕುತ್ತ ಕುಂದಾಪುರಕ್ಕೆ ಬಂದು ‘ನಮ್ಮ ಭೂಮಿ’ ಕೇಂದ್ರ ಸ್ಥಾಪಿಸಿತು. ದುಡಿಯುವ ಮಕ್ಕಳದೇ ಸಂಘಟನೆಯಾದ ಭೀಮ ಸಂಘ 1990ರಲ್ಲಿ ಹುಟ್ಟಿತು. ಆ ದಶಕದ ನಡುವಿನಲ್ಲಿ ಆಲೂರು, ಕೆರಾಡಿ, ಉಪ್ಪುಂದ ಮುಂತಾದ ಕಡೆ ಮಕ್ಕಳ ಪಂಚಾಯತಿಗಳು ತಲೆಯೆತ್ತಿದವು. ಮಕ್ಕಳೇ ಮತ ಹಾಕಿ ತಮ್ಮವರನ್ನು ಆರಿಸುತ್ತಿದ್ದರು. ಶಾಲೆಗೆ ಹೋಗುವವರಷ್ಟೇ ಅಲ್ಲ, ದನ ಮೇಯಿಸುವವರೂ ಮನೆಗೆಲಸದವರೂ ಸದಸ್ಯರಾಗಬಹುದಿತ್ತು. ಆಪತ್ತಿನಲ್ಲಿ ಮೊರೆಯಿಡಲು ಊರಿನ ಒಬ್ಬ ದೊಡ್ಡವರನ್ನು ‘ಮಕ್ಕಳ ಮಿತ್ರ’ ಎಂದು ಮಕ್ಕಳೇ ಆಯ್ದುಕೊಳ್ಳುತ್ತಿದ್ದರು.

ಮಕ್ಕಳ ಪಂಚಾಯತಿಯ ಮಹತ್ವ ಮೇಲ್ನೋಟಕ್ಕೆ ಕಾಣುವುದಿಲ್ಲ. ಕಾಲುಸಂಕ, ಶೌಚಾಲಯ, ದಾರಿಯ ಸಾರಾಯಿ ಅಂಗಡಿ, ಇವೇ ಮಕ್ಕಳು ಎತ್ತುತ್ತಿದ್ದ ಮಾತುಗಳು. ಆದರೆ ಮಳೆಗಾಲದ ಹಳ್ಳದ ಬಗ್ಗೆ ದೊಡ್ಡವರೆದುರು ನಿಂತು ಕೇಳಿದ ಹುಡುಗಿಗೆ, ತನ್ನನ್ನು ದಾರಿಯಲ್ಲಿ ಪೀಡಿಸುವವರ ಬಗ್ಗೆ ಹೇಳಲೂ ಬಾಯಿ ಬರುತ್ತದೆ. ಮಠದ ಕಾಲದಲ್ಲಿ ಚಾಡಿ ಎನಿಸಿಕೊಳ್ಳುತ್ತಿದ್ದದ್ದು ಇಲ್ಲಿ ಅಹವಾಲು ಆಯಿತು. 2006ರಲ್ಲಿ ರಾಜ್ಯ ಸರಕಾರ ಎಲ್ಲ ಗ್ರಾಮ ಪಂಚಾಯತಿಗಳೂ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಆದೇಶಿಸಿತು. ಕೆಲವೆಡೆ ಅದು ಹಾರ, ಭಾಷಣಗಳಲ್ಲೇ ಮುಗಿಯುವುದೂ ಉಂಟು.

ಕಾನೂನು ಮೊದಲು ಹಿಡಿದದ್ದು ಮೇಷ್ಟ್ರ ಕೈಯ ಬೆತ್ತವನ್ನು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜತೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಮಕ್ಕಳು ಮಕ್ಕಳಿಗೇ ಕೊಡುವ ಕಾಟಕ್ಕೆ ಅದರಲ್ಲಿ ಪ್ರತ್ಯೇಕ ಸೆಕ್ಷನ್ ಇಲ್ಲ. ನಾರ್ವೆಯಲ್ಲಿ 1983ರಷ್ಟು ಹಿಂದೆಯೇ ಮನಶ್ಶಾಸ್ತ್ರಜ್ಞ ಡಾನ್ ಓಲ್ವಿಯಸ್ ಇಂಥ ಕಾಟಕ್ಕೆ ಇಡೀ ಶಾಲೆಯನ್ನು ಒಳಗೊಳ್ಳುವ ತಡೆಕ್ರಮ ರೂಪಿಸಿದ್ದರು. ಸಿಬಿಎಸ್‌ಇ ತನ್ನ ಶಾಲೆಗಳಲ್ಲಿ ಇದಕ್ಕೆಂದೇ ಸಮಿತಿ ಇರಲಿ ಎಂದದ್ದು 2015ರಲ್ಲಿ. ಆದರೆ ಕುಂದಾಪುರ ಮತ್ತು ನೆರೆಯ ಬೈಂದೂರು, ಬ್ರಹ್ಮಾವರಗಳ ಬಹುಪಾಲು ಹಿರಿಯ ಪ್ರಾಥಮಿಕ ಶಾಲೆಗಳು ರಾಜ್ಯ ಪಠ್ಯಕ್ರಮದವು. ಅಲ್ಲಿನ ಆರು, ಏಳನೇ ತರಗತಿಯ ಮಕ್ಕಳ ಕೈಗೆಟುಕುವುದು ಮಕ್ಕಳ ಗ್ರಾಮಸಭೆ, ದೂರು ಪೆಟ್ಟಿಗೆ ಮತ್ತು 1098 ಮಕ್ಕಳ ಸಹಾಯವಾಣಿ.